ಉಡುಪು ವಿನ್ಯಾಸದ ವ್ಯಾಸಂಗ

ಮನುಷ್ಯನಿಗೆ ಬೇಕಾದುದು ಅನ್ನ, ಅರಿವೆ, ಆಸರೆ ಎಂದು ಎಣಿಸುವುದು ವಾಡಿಕೆ. ಅನ್ನದ ವಿದ್ಯೆಯನ್ನು ಕಲಿಸುವುದಕ್ಕೆ ನಮ್ಮ ರಾಯಚೂರಿನಲ್ಲಿಯೇ 2009ರಿಂದ ಕೃಷಿ ವಿಶ್ವವಿದ್ಯಾಲಯವಿದೆ. ಆಸರೆಯ ವಿದ್ಯೆ ಇಂಜಿನಿಯರಿಂಗ್ ಕಾಲೇಜುಗಳಲ್ಲಿದೆ. ನಡುವಿನ ಅರಿವೆಯ ವಿದ್ಯೆ ಎಲ್ಲಿದೆ ಎಂದು ಕೇಳಿದರೆ ಮಾತ್ರ ನಾವು ತಡವರಿಸುತ್ತೇವೆ. ಅದಕ್ಕೂ ಒಂದು ವಿದ್ಯೆಯೇ ಎಂದು ಮರುಪ್ರಶ್ನೆ ಹಾಕುವವರೂ ಉಂಟು. ದೇವದುರ್ಗದ ಕಡೆಯಿಂದಲೋ ಮಾನ್ವಿಯ ಕಡೆಯಿಂದಲೋ ಬಂದ ಹುಡುಗಿಯೊಬ್ಬಳು ತಾನು ಫ್ಯಾಷನ್ ಡಿಸೈನ್ ಓದುತ್ತೇನೆಂದರೆ ಮನೆಯಲ್ಲಿ ದೊರೆಯುವ ಉತ್ತರ ಎರಡೇ ಬಗೆಯದು. "ಬಟ್ಟಿ ಹೊಲ್ಯಾಕ ಡಿಗ್ರಿ ಯಾಕ ಬೇಕವಾ? ಓಣ್ಯಾಗಿನ ದರ್ಜಿ ಕಲಸ್ತಾನ" ಎಂಬುದು ಒಂದು. "ಅದು ಸಿನಿಮಾದವರ ಕಸುಬು, ನಮ್ಮಂಥವರದಲ್ಲ" ಎಂಬುದು ಇನ್ನೊಂದು. ಹುಡುಗನು ಈ ಮಾತು ಆಡಿದರಂತೂ ಉತ್ತರಕ್ಕೆ ಬದಲಾಗಿ ನಗೆಯೇ ದೊರೆಯುತ್ತದೆ.

ಈ ಉತ್ತರಗಳೆಲ್ಲ ವಿಷಯವನ್ನು ಅರಿಯದೆ ಕೊಟ್ಟವು. ಈ ವಿದ್ಯೆಯಲ್ಲಿ ನಿಜವಾಗಿ ಏನನ್ನು ಕಲಿಸುತ್ತಾರೆ, ಹತ್ತಿ ಬೆಳೆಯುವ ನಮ್ಮ ಜಿಲ್ಲೆಗೂ ಅದಕ್ಕೂ ಏನು ಸಂಬಂಧ, ಕಲಾವಿಭಾಗದಲ್ಲಿ ಓದುತ್ತಿರುವವರಿಗೆ ಅದರ ಬಾಗಿಲು ತೆರೆದಿದೆಯೇ, ಇಷ್ಟನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲು 'ವಿನ್ಯಾಸ' ಎಂಬ ಮಾತನ್ನು ನೋಡೋಣ. ಬಟ್ಟೆಯ ಮೇಲೆ ಹೂಬಳ್ಳಿ ಬಿಡಿಸುವುದೇ ವಿನ್ಯಾಸ ಎಂದು ಅನೇಕರ ತಿಳಿವಳಿಕೆ. 1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರದ ಕೋರಿಕೆಯಂತೆ ದೇಶವನ್ನು ಸುತ್ತಿ ನೋಡಿ ಒಂದು ವರದಿಯನ್ನು ಒಪ್ಪಿಸಿದರು. ಇಲ್ಲಿ ತಾವು ಕಂಡ ವಸ್ತುಗಳಲ್ಲಿ ಅವರು ಬಹುವಾಗಿ ಮೆಚ್ಚಿದ್ದು ಅರಮನೆಯ ಒಡವೆಯನ್ನಲ್ಲ, ನಮ್ಮ ಬಚ್ಚಲಿನ ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ತುಂಬಿದಾಗ ಎತ್ತುವವರಿಗೆ ಎಷ್ಟು ಭಾರವಾದೀತು, ಕೊರಳು ಬೆರಳಿಗೆ ಸಿಕ್ಕೀತೇ, ಬಗ್ಗಿಸಿದರೆ ನೀರು ಹೇಗೆ ಬಿದ್ದೀತು, ತೊಳೆಯುವಾಗ ಕೈ ಒಳಗೆ ಹೋದೀತೇ, ಬೆಲೆ ಎಷ್ಟಾದೀತು, ಇವೆಲ್ಲಕ್ಕೂ ತಂಬಿಗೆಯ ಆಕಾರವೊಂದೇ ಉತ್ತರವಾಗಿ ನಿಂತಿದೆ. ಈ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ತಂಬಿಗೆಯ ಸ್ಥಳದಲ್ಲಿ ಒಂದು ಅಂಗಿಯನ್ನಿಟ್ಟು ಇಂಥವೇ ಪ್ರಶ್ನೆಗಳನ್ನು ಕೇಳಿದರೆ ಅದು ಉಡುಪು ವಿನ್ಯಾಸ. ಯಾರು ಉಡುವರು, ಯಾವ ಹವೆಯಲ್ಲಿ, ಏನು ಕೆಲಸ ಮಾಡುತ್ತ, ಎಷ್ಟು ದಿನ, ಎಷ್ಟು ಬೆಲೆಗೆ? ಅಂದ ಚಂದವೂ ಈ ಲೆಕ್ಕದೊಳಗೇ ಬರುತ್ತದೆ. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆಯುಳ್ಳ ನಾಡಿನಲ್ಲಿ ಅದನ್ನು ಬಿಡುವಂತಿಲ್ಲ.

ಕಾಲೇಜಿನಲ್ಲಿ ವಿದ್ಯಾರ್ಥಿಗೆ ಎದುರಾಗುವ ಮೊದಲ ತೊಡಕು ಜ್ಯಾಮಿತಿಯದು. ಬಟ್ಟೆ ಸಪಾಟಾದ ವಸ್ತು. ದೇಹವಾದರೋ ಉಬ್ಬು ತಗ್ಗುಗಳುಳ್ಳದ್ದು. ಒಂದು ಕಾಗದದ ಹಾಳೆಯನ್ನು ಅದೇ ತಂಬಿಗೆಯ ಹೊಟ್ಟೆಗೆ ಸುತ್ತಿ ನೋಡಿ. ಹೊಟ್ಟೆಗೆ ಸರಿಯಾಗಿ ಕುಳಿತ ಹಾಳೆ ಕೊರಳಿನ ಬಳಿ ಹೆಚ್ಚಾಗಿ ಮಡಿಕೆ ಬೀಳುತ್ತದೆ. ಆ ಹೆಚ್ಚಿನ ಕಾಗದವನ್ನು ಅಳೆದು, ತುದಿ ಮೊನೆಯಾಗುವಂತೆ ಒಳಕ್ಕೆ ಮಡಿಸಿ ಅಂಟಿಸಿದರೆ ಹಾಳೆ ತಂಬಿಗೆಗೆ ಒಪ್ಪಿ ಕೂರುತ್ತದೆ. ರವಿಕೆಯ ಎದೆಯ ಕೆಳಗೆ ದರ್ಜಿಯು ಹಿಡಿಯುವ 'ಡಾರ್ಟ್' ಎಂಬುದು ಇದೇ. ಎಲ್ಲಿ ಹಿಡಿಯಬೇಕು, ಎಷ್ಟು ಹಿಡಿಯಬೇಕು, ಅದನ್ನು ಹೆಗಲಿಗೋ ಪಕ್ಕಕ್ಕೋ ಸಾಗಿಸಿದರೆ ಉಡುಪಿನ ರೂಪ ಹೇಗೆ ಬದಲಾಗುತ್ತದೆ ಎಂಬುದನ್ನು ಕಲಿಯುವುದಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಬೇಕು. ಇದನ್ನು ಎರಡು ದಾರಿಗಳಲ್ಲಿ ಕಲಿಸುತ್ತಾರೆ. ಒಂದು, ಅಳತೆಗಳನ್ನು ಹಿಡಿದು ಕಾಗದದ ಮೇಲೆ ನಕ್ಷೆ ತೆಗೆಯುವುದು. ಇನ್ನೊಂದು, ಅಗ್ಗದ ಹತ್ತಿಬಟ್ಟೆಯನ್ನು ಬೊಂಬೆಯ ಮೇಲೆ ಹೊದಿಸಿ ಗುಂಡುಸೂಜಿಗಳಿಂದ ರೂಪ ಕೊಟ್ಟು, ಆಮೇಲೆ ಬಿಚ್ಚಿ ಹರವಿ ಅದರ ನಕ್ಷೆಯನ್ನು ಪಡೆಯುವುದು.

ಅಲ್ಲದೆ ಬಟ್ಟೆಗೂ ಒಂದು ಸ್ವಭಾವವಿದೆ. ನೇಕಾರರು ಉದ್ದಕ್ಕೆ ಹೂಡುವ ಎಳೆಗೆ ಹಾಸು ಎನ್ನುತ್ತಾರೆ. ಅಡ್ಡಕ್ಕೆ ಲಾಳಿಯಿಂದ ಹೊಗಿಸುವ ಎಳೆ ಹೊಕ್ಕು. ಒಂದು ಕರವಸ್ತ್ರವನ್ನು ಹಾಸಿನ ಗುಂಟ ಎಳೆದು ನೋಡಿ, ಜಗ್ಗುವುದಿಲ್ಲ. ಹೊಕ್ಕಿನ ಗುಂಟ ಸ್ವಲ್ಪ ಜಗ್ಗುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ರಬ್ಬರಿನಂತೆ ಉದ್ದವಾಗುತ್ತದೆ. ಆದುದರಿಂದ ಭಾರ ಹೊರುವ ಕಡೆ ಹಾಸನ್ನು ನೆಟ್ಟಗಿಡಬೇಕು, ಮೈಗೆ ಒಲಿದು ಬೀಳಬೇಕಾದ ಕಡೆ ಓರೆಯಾಗಿ ಕತ್ತರಿಸಬೇಕು. ಎರಡೇ ತೊಳೆತಕ್ಕೆ ತೋಳು ತಿರುಚಿಕೊಳ್ಳುವ ಅಗ್ಗದ ಅಂಗಿಯ ರೋಗವೂ ಬಹಳ ಸಲ ಇದೇ: ಬಟ್ಟೆ ಉಳಿಸುವ ಆಸೆಯಿಂದ ತುಂಡನ್ನು ಹಾಸಿನ ದಿಕ್ಕು ತಪ್ಪಿಸಿ ಕತ್ತರಿಸಿರುತ್ತಾರೆ.

ಇದನ್ನೆಲ್ಲ ನಮ್ಮ ಓಣಿಯ ದರ್ಜಿ ಅರಿಯನೇ? ಚೆನ್ನಾಗಿ ಅರಿತಿದ್ದಾನೆ. ಗುಳೇದಗುಡ್ಡದ ಖಣದ ಎರಡೂ ಬದಿಯ ಅಂಚುಗಳು ಕುಪ್ಪಸದ ತೋಳಿನ ತುದಿಗೆ ಸರಿಯಾಗಿ ಬಂದು ಕೂರುವಂತೆ, ಚೂರೂ ವ್ಯರ್ಥವಾಗದಂತೆ ಕತ್ತರಿಸುವ ಕೈಚಳಕವನ್ನು ಯಾವ ಪದವೀಧರನೂ ಹಗುರವಾಗಿ ಕಾಣಲಾರ. ಕಸುಬನ್ನು ಕೀಳೆಂದು ಬಗೆಯುವುದಂತೂ ಈ ಸೀಮೆಯವರಿಗೆ ಸಲ್ಲದು. ಕೃಷ್ಣೆಯ ಆಚೆ ದಂಡೆಯ ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನು ಜೇಡರ, ಎಂದರೆ ನೇಕಾರ. ವಚನಕಾರರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಹೆಸರೂ ಇದೆ. ದರ್ಜಿಗೂ ವಿನ್ಯಾಸಕನಿಗೂ ಇರುವ ಭೇದ ಹೆಚ್ಚು ಕಡಿಮೆಯದಲ್ಲ, ಕೆಲಸದ ಬಗೆಯದು. ದರ್ಜಿ ತನ್ನ ಮುಂದೆ ನಿಂತ ಒಬ್ಬನ ಮೈಗೆ ಹೊಲಿಯುತ್ತಾನೆ. ವಿನ್ಯಾಸಕ ತಾನು ಎಂದೂ ಕಾಣದ ಸಾವಿರ ಮೈಗಳಿಗೆ ಒಂದೇ ನಕ್ಷೆಯಿಂದ ಹೊಲಿಸಬೇಕು. ಚಿಕ್ಕದು, ನಡುವಿನದು, ದೊಡ್ಡದು ಎಂಬ ಅಳತೆಗಳಿಗೆ ಆ ನಕ್ಷೆಯನ್ನು ಹಿಗ್ಗಿಸಬೇಕು, ಕುಗ್ಗಿಸಬೇಕು. ಹತ್ತಾರು ತುಂಡುಗಳನ್ನು ಬಟ್ಟೆಯ ಮೇಲೆ ಅತಿ ಕಡಿಮೆ ನಷ್ಟವಾಗುವಂತೆ ಜೋಡಿಸಬೇಕು. ಒಂದು ಅಂಗಿಯಲ್ಲಿ ಉಳಿದ ಅಂಗುಲ ಬಟ್ಟೆ ಲೆಕ್ಕಕ್ಕಿಲ್ಲ, ಹತ್ತು ಸಾವಿರ ಅಂಗಿಗಳಲ್ಲಿ ಅದೇ ಕಾರ್ಖಾನೆಯ ಲಾಭ. ಈಗ ಈ ಕೆಲಸ ಬಹುಮಟ್ಟಿಗೆ ಕಂಪ್ಯೂಟರಿನಲ್ಲಿ ನಡೆಯುತ್ತದೆ.

ಇನ್ನು ವಸ್ತ್ರಶಾಸ್ತ್ರ. ಇಲ್ಲಿ ನಮ್ಮ ಜಿಲ್ಲೆಯ ವಿದ್ಯಾರ್ಥಿ ನಗರದವರಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾನೆ ಎಂದು ನನ್ನ ಅಭಿಪ್ರಾಯ. ಎರಡು ನದಿಗಳ ನಡುವಿನ ಈ ಎರೆಭೂಮಿಯಲ್ಲಿ ಹತ್ತಿ ಬಿಡಿಸುವುದನ್ನು ಅವನು ಕಂಡಿದ್ದಾನೆ. ಬಂಡಿಗಳೂ ಲಾರಿಗಳೂ ರಾಯಚೂರಿನ ಗಂಜಿಗೆ ಬಂದು ಸಾಲಾಗಿ ನಿಲ್ಲುವುದನ್ನೂ ಕಂಡಿದ್ದಾನೆ. ಬಿಡಿಸಿದ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಬೀಜದಿಂದ ಬೇರ್ಪಡುತ್ತದೆ. ತೂಕದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಅರಳೆ, ಮಿಕ್ಕದ್ದು ಬಹುತೇಕ ಬೀಜ. ಅರಳೆಯನ್ನು 170 ಕಿಲೋಗ್ರಾಮಿನ ಬೇಲುಗಳಾಗಿ ಒತ್ತಿ ಕಟ್ಟುತ್ತಾರೆ. ಅಲ್ಲಿಗೆ ನಮ್ಮ ಊರಿನ ಪಾತ್ರ ಬಹುಮಟ್ಟಿಗೆ ಮುಗಿಯಿತು. ನೂಲುವುದು, ನೇಯುವುದು, ಬಣ್ಣ ಕಟ್ಟುವುದು, ಹೊಲಿಯುವುದು ಹೆಚ್ಚಾಗಿ ಪರಸ್ಥಳಗಳಲ್ಲಿ. ಅದೇ ಹತ್ತಿ ಅಂಗಿಯಾಗಿ ನಮ್ಮ ಪೇಟೆಗೆ ಮರಳಿ ಬಂದಾಗ ಬೆಲೆಯಲ್ಲಿ ಬೆಳೆದವನ ಪಾಲು ಎಷ್ಟೆಂದು ಕೇಳುವವರಿಲ್ಲ. ಈ ದಾರಿಯ ಒಂದೊಂದು ಮಜಲಿನಲ್ಲಿ ಬೆಲೆ ಏಕೆ ಏರುತ್ತದೆ ಎಂಬುದನ್ನು ಕಲಿಸುವುದೂ ಈ ವ್ಯಾಸಂಗದ ಭಾಗ. 40 ನಂಬರಿನ ನೂಲೆಂದರೆ ಏನು? 840 ಗಜ ಉದ್ದದ 40 ಲಡಿಗಳು ಸೇರಿ ಒಂದು ಪೌಂಡು ತೂಗುವಷ್ಟು ಸಣ್ಣ ನೂಲು. ನಂಬರು ಏರಿದಂತೆ ನೂಲು ತೆಳ್ಳಗಾಗುತ್ತದೆ, ಅದಕ್ಕೆ ಬೇಕಾಗುವ ಹತ್ತಿಯ ಎಳೆ ಉದ್ದವಾಗಿರಬೇಕಾಗುತ್ತದೆ.

ಮತ್ತೊಂದು ಲೆಕ್ಕವನ್ನು ಹೇಳಲೇಬೇಕು. ಪ್ರಯೋಗಶಾಲೆಯ ನಿಯತ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8.5 ಗ್ರಾಂ ತೇವವನ್ನು ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಹೀರುವುದು ಕೇವಲ 0.4 ಗ್ರಾಂ. ಬೇಸಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯವಾಗಿರುವ ರಾಯಚೂರಿನಲ್ಲಿ ಪಾಲಿಯೆಸ್ಟರ್ ಹೆಚ್ಚಾಗಿ ಬೆರೆತ ಸಮವಸ್ತ್ರ ತೊಟ್ಟ ಮಗುವಿನ ಬೆನ್ನು ಏಕೆ ಬೆವರಿನಿಂದ ಅಂಟುತ್ತದೆ ಎಂಬುದಕ್ಕೆ ಇಷ್ಟು ಸಾಕು. ಆದರೆ ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಬೇಗ ಹರಿಯುವುದಿಲ್ಲ, ಇಸ್ತ್ರಿ ಬೇಡುವುದಿಲ್ಲ. ಒಂದೇ ಜೊತೆ ಸಮವಸ್ತ್ರದಲ್ಲಿ ವರ್ಷ ಕಳೆಯಬೇಕಾದ ಮನೆಗೆ ಇವೂ ಸಣ್ಣ ಗುಣಗಳಲ್ಲ. ಎರಡನ್ನೂ ತೂಗಿ, ಎಷ್ಟಕ್ಕೆ ಎಷ್ಟು ಬೆರೆಸಬೇಕು, ನೇಯ್ಗೆ ಎಷ್ಟು ಸಡಿಲವಿರಬೇಕು ಎಂದು ತೀರ್ಮಾನಿಸುವುದೇ ವಿನ್ಯಾಸಕನ ಕೆಲಸ.

ನಮ್ಮ ಹೊಲಗಳಲ್ಲಿ ಇದಕ್ಕಿಂತ ದೊಡ್ಡ ಪಾಠವೊಂದಿದೆ. ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನು ನೋಡಿ: ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಸುತ್ತಿದ ಬಟ್ಟೆ, ಸೊಂಟಕ್ಕೆ ಕಟ್ಟಿದ ಉಡಿ. ಬಿಸಿಲಿಗೆ, ತೊಳೆಯ ಒಣಮೊನೆಗೆ, ಗಿಡದ ಮೇಲಿನ ಔಷಧಿಗೆ ಅವರೇ ಕಂಡುಕೊಂಡ ರಕ್ಷಣೆ ಇದು. ಗಂಡಸಿನ ಅಳತೆಯ ಅಂಗಿ ಅವರ ಹೆಗಲಿಗೆ ಕೂರುವುದಿಲ್ಲ, ತೋಳು ಮಡಚಬೇಕಾಗುತ್ತದೆ, ಕೆಳಗೆ ಬಗ್ಗಿದರೆ ಜೋತಾಡುತ್ತದೆ. ಆದರೂ ಅದನ್ನೇ ತೊಡುತ್ತಾರೆ, ಏಕೆಂದರೆ ಅವರಿಗಾಗಿ ಯೋಚಿಸಿ ಹೊಲಿದ ಉಡುಪು ಪೇಟೆಯಲ್ಲಿಲ್ಲ. ಗೃಹವಿಜ್ಞಾನದ ವಸ್ತ್ರವಿಭಾಗಗಳು ರೈತಮಹಿಳೆಯರ ರಕ್ಷಣೆಯ ಉಡುಪುಗಳ ವಿಷಯದಲ್ಲಿ ಕೆಲಸ ಮಾಡಿವೆ ನಿಜ, ಆದರೆ ಆ ಉಡುಪು ಸಂತೆಯ ಅಂಗಡಿಗೆ ಇನ್ನೂ ಬಂದಂತಿಲ್ಲ. ಅಂತಿಮ ವರ್ಷದ ವಿದ್ಯಾರ್ಥಿ ಒಂದು ಉಡುಪುಮಾಲೆಯನ್ನು ತಾನೇ ರಚಿಸಿ ತೋರಿಸಬೇಕೆಂಬ ನಿಯಮ ಈ ಕಾಲೇಜುಗಳಲ್ಲಿ ಉಂಟು. ಹತ್ತಿ ಬಿಡಿಸುವವಳ ಅಂಗಿಯನ್ನು ಆ ವಿಷಯವಾಗಿ ಆರಿಸಿಕೊಳ್ಳಲು ಮಾನ್ವಿಯ ಹುಡುಗಿಗಿಂತ ತಕ್ಕವರು ಯಾರು?

ಈ ವಿದ್ಯೆ ವಿಶ್ವವಿದ್ಯಾಲಯದ ಮೆಟ್ಟಿಲೇರಿದ್ದು ಈಚೆಗೆ. 1851ರಲ್ಲಿ ಸಿಂಗರ್ ಹೊಲಿಗೆಯಂತ್ರದ ಹಕ್ಕುಪತ್ರ ಪಡೆದ. 1858ರಲ್ಲಿ ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲಿಷರವನು ಪ್ಯಾರಿಸಿನಲ್ಲಿ ಅಂಗಡಿ ತೆರೆದು, ತಾನು ರಚಿಸಿದ ಉಡುಪಿಗೆ ಚಿತ್ರಗಾರನಂತೆ ತನ್ನ ಹೆಸರಿನ ಚೀಟಿ ಹೊಲಿಯಹತ್ತಿದ. ನ್ಯೂಯಾರ್ಕಿನಲ್ಲಿ ಇದಕ್ಕೆಂದೇ ಕಾಲೇಜು ತೆರೆದದ್ದು 1944ರಲ್ಲಿ. ಅದರ ಸಹಕಾರದಿಂದಲೇ 1986ರಲ್ಲಿ ಭಾರತ ಸರ್ಕಾರದ ಜವಳಿ ಮಂತ್ರಾಲಯವು ದಿಲ್ಲಿಯಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯನ್ನು ಸ್ಥಾಪಿಸಿತು. 'ನಿಫ್ಟ್' ಎಂದು ಎಲ್ಲರೂ ಕರೆಯುವುದು ಇದನ್ನೇ. 2006ರ ಶಾಸನವು ಅದಕ್ಕೆ ಪದವಿ ಕೊಡುವ ಅಧಿಕಾರವನ್ನು ಕೊಟ್ಟಿತು. ಬೆಂಗಳೂರಿನಲ್ಲಿಯೂ ಹೈದರಾಬಾದಿನಲ್ಲಿಯೂ 1990ರ ದಶಕದಿಂದ ಅದರ ಕೇಂದ್ರಗಳಿವೆ. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ ಎಂಬುದನ್ನು ಹೇಳಬೇಕಾಗಿಲ್ಲ. 1956ರ ವರೆಗೆ ನಾವು ಆ ಸಂಸ್ಥಾನದವರೇ ಆಗಿದ್ದೆವು. 'ದರ್ಜಿ', 'ಅಸ್ತರ' ಎಂಬ ಪಾರಸಿ ಮಾತುಗಳು ನಮ್ಮ ಬಾಯಲ್ಲಿ ಇಂದಿಗೂ ಸರಾಗವಾಗಿ ಆಡುತ್ತವೆ.

ರಾಜ್ಯದೊಳಗೂ ದಾರಿಗಳುಂಟು. ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಫ್ಯಾಷನ್ ಮತ್ತು ಉಡುಪು ವಿನ್ಯಾಸದ ಬಿ.ಎಸ್‌ಸಿ. ಪದವಿಯಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ವಸ್ತ್ರ ಮತ್ತು ಉಡುಪು ವಿನ್ಯಾಸದ ವಿಭಾಗವಿದೆ. 2003ರಲ್ಲಿ ವಿಜಯಪುರದಲ್ಲಿ ಸ್ಥಾಪಿತವಾಗಿ ಈಗ ಅಕ್ಕಮಹಾದೇವಿಯ ಹೆಸರನ್ನು ಹೊತ್ತಿರುವ ಮಹಿಳಾ ವಿಶ್ವವಿದ್ಯಾಲಯದಲ್ಲಿಯೂ ಫ್ಯಾಷನ್ ವಿಷಯದ ವ್ಯಾಸಂಗವುಂಟು. ಗದಗಿನಲ್ಲಿ ಕೈಮಗ್ಗ ತಂತ್ರಜ್ಞಾನದ ಡಿಪ್ಲೊಮಾ, ಕೆಲವು ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಉಡುಪು ವಿನ್ಯಾಸದ ಡಿಪ್ಲೊಮಾ, ಐ.ಟಿ.ಐ.ಗಳಲ್ಲಿ ಒಂದು ವರ್ಷದ ಹೊಲಿಗೆಯ ತರಬೇತಿ ದೊರೆಯುತ್ತವೆ.

ಪಠ್ಯದಲ್ಲಿ ಕರಕುಶಲ ಕಲೆಗಳ ಅಧ್ಯಯನವೂ ಒಂದು. ನಿಫ್ಟ್‌ನ ವಿದ್ಯಾರ್ಥಿಗಳು ನೇಕಾರರ, ಕಸೂತಿಯವರ ಊರುಗಳಿಗೆ ಹೋಗಿ, ಇದ್ದು, ಬರೆದುಕೊಂಡು ಬರಬೇಕು. ಇಳಕಲ್ಲಿಗೆ ಹೋದವರು ಕಾಣುವುದೇನು? ಸೀರೆಯ ಒಡಲಿನ ಹಾಸು ಬೇರೆ, ರೇಷ್ಮೆಯ ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಆದಕಾರಣ ಇತರ ಸೀರೆಗಳಂತೆ ಉದ್ದ ಹಾಸು ಹೂಡಿ ಸಾಲಾಗಿ ಹತ್ತು ಸೀರೆ ನೇಯುವಂತಿಲ್ಲ. ಒಂದೊಂದಕ್ಕೂ ಬೇರೆಯಾಗಿಯೇ ಹೂಡಬೇಕು. ಧಾರವಾಡದ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳು. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆಗಳನ್ನು ಎಣಿಸಿಯೇ ಗೋಪುರವನ್ನೂ ತೇರನ್ನೂ ಮೂಡಿಸುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಯನ್ನು ಸಂಡೂರು ಕುಶಲ ಕಲಾ ಕೇಂದ್ರವು ನಡೆಸಿಕೊಂಡು ಬಂದಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20ರ ಸಂಸ್ಕೃತಿ ಸಭೆಯ ಸಮಯಕ್ಕೆ ಅಲ್ಲಿನ ಹೆಣ್ಣುಮಕ್ಕಳು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ದೇವದುರ್ಗ, ಲಿಂಗಸೂಗೂರುಗಳ ತಾಂಡಾಗಳಲ್ಲಿಯೂ ಕನ್ನಡಿ ಹಾಕಿದ ಕಾಂಚಳಿ, ಫೇಟಿಯಾಗಳನ್ನು ಬಲ್ಲ ಅಜ್ಜಿಯರಿದ್ದಾರೆ. ಅವರ ಮೊಮ್ಮಕ್ಕಳು ನಮ್ಮ ತರಗತಿಗಳಲ್ಲಿಯೇ ಕುಳಿತಿದ್ದಾರೆ. ಹೊರಗಿನವರು ನೂರಾರು ಮೈಲು ಬಂದು ಬರೆದುಕೊಳ್ಳುವುದನ್ನು ಮನೆಯವರೇ ಬರೆದುಕೊಂಡರೆ ಎಷ್ಟು ಚೆನ್ನ!

ಈಗ ಪ್ರವೇಶದ ಮಾತು. ನಿಫ್ಟ್‌ನ ನಾಲ್ಕು ವರ್ಷದ ವಿನ್ಯಾಸ ಪದವಿಗೆ ಪಿ.ಯು.ಸಿ. ಯಾವ ವಿಭಾಗದಲ್ಲಿ ತೇರ್ಗಡೆಯಾಗಿದ್ದರೂ ಸಾಕು, ವಿಜ್ಞಾನವೇ ಆಗಬೇಕೆಂದಿಲ್ಲ. ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದ ಸಂಗತಿ ಇನ್ನೊಂದಿದೆ. ಮೂರು ವರ್ಷದ ಯಾವುದೇ ಪದವಿ ಪಡೆದವರು ಅಲ್ಲಿನ ಎರಡು ವರ್ಷದ ಸ್ನಾತಕೋತ್ತರ ವಿನ್ಯಾಸ ಪದವಿಗೂ ಫ್ಯಾಷನ್ ನಿರ್ವಹಣೆಯ ಪದವಿಗೂ ಅರ್ಜಿ ಹಾಕಬಹುದು. ಎಂದರೆ ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಓದಿದ ಬಿ.ಎ.ಯವರಿಗೂ ಬಾಗಿಲು ಮುಚ್ಚಿಲ್ಲ. 'ಗಾಂಧಿ' ಚಿತ್ರದ ಉಡುಪುಗಳಿಗಾಗಿ 1983ರಲ್ಲಿ ಭಾರತಕ್ಕೆ ಮೊದಲ ಆಸ್ಕರ್ ತಂದ ಕೊಲ್ಹಾಪುರದ ಭಾನು ಅಥೈಯಾ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿದವರು. ಹಳೆಯ ಕಾಲದ ಜನ ಏನನ್ನು ಉಡುತ್ತಿದ್ದರು, ಏಕೆ ಉಡುತ್ತಿದ್ದರು ಎಂದು ಹುಡುಕುವುದು ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತ ಕೆಲಸವೇನಲ್ಲ.

ತೊಡಕುಗಳನ್ನೂ ಮುಚ್ಚಿಡಬಾರದು. ಪ್ರವೇಶ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಇರುತ್ತವೆ, ಕನ್ನಡದಲ್ಲಿ ಇಲ್ಲ. ಪಾಠವೂ ಇಂಗ್ಲಿಷಿನದೇ. ಹಾಸು, ಹೊಕ್ಕು, ಅಂಚು, ಸೆರಗು, ನಿರಿಗೆ, ಕೊಂಡಿ ಎಂದು ಇಷ್ಟು ಸೊಗಸಾದ ಮಾತುಗಳಿರುವ ಭಾಷೆಯಲ್ಲಿ ಈ ಶಾಸ್ತ್ರದ ಪುಸ್ತಕಗಳು ಕಾಲೇಜಿನ ಕಪಾಟುಗಳಲ್ಲಿ ಕಾಣಸಿಗುವುದೇ ಅಪರೂಪ. ಖರ್ಚು ಇನ್ನೂ ದೊಡ್ಡ ತೊಡಕು. ಸರ್ಕಾರದ್ದಾದರೂ ನಿಫ್ಟ್‌ನ ಶುಲ್ಕ ವರ್ಷಕ್ಕೆ ಲಕ್ಷಗಳ ಲೆಕ್ಕದಲ್ಲಿದೆ. ಬಟ್ಟೆ, ಬಣ್ಣ, ವಸತಿಗಳ ವೆಚ್ಚ ಬೇರೆ. ಕುಟುಂಬದ ಆದಾಯವನ್ನು ನೋಡಿ ಶುಲ್ಕದ ಸಹಾಯ ಕೊಡುವ ವ್ಯವಸ್ಥೆ ಅಲ್ಲಿದೆ, ಮೀಸಲಾತಿಯೂ ಇದೆ. ಆದರೆ ನಮಗೆ ಸಂವಿಧಾನದ 371-ಜೆ ವಿಧಿಯಿಂದ ದೊರೆತ ಮೀಸಲಾತಿ ಕೇಂದ್ರದ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ರಾಜ್ಯದ ಸಂಸ್ಥೆಗಳಲ್ಲಿ ಕಲ್ಯಾಣ ಕರ್ನಾಟಕದ ಒಳಗೆ 70, ಹೊರಗೆ 8 ಶೇಕಡಾ ಸ್ಥಾನಗಳು ನಮ್ಮವರಿಗಿವೆ. ಆದುದರಿಂದ ರಾಜ್ಯದ ಪದವಿಗಳನ್ನು ಎರಡನೆಯ ದರ್ಜೆಯವೆಂದು ತಳ್ಳಿಹಾಕುವುದು ಜಾಣತನವಲ್ಲ.

ಇಲ್ಲಿ ಒಂದು ಎಚ್ಚರಿಕೆ. ಥಳಕಿನ ಜಾಹೀರಾತು ಕೊಟ್ಟು, ಹೊಲ ಮಾರಿಸುವಷ್ಟು ಶುಲ್ಕ ಕಟ್ಟಿಸಿಕೊಂಡು, ಕೊನೆಗೆ ಯಾವ ವಿಶ್ವವಿದ್ಯಾಲಯವೂ ಮಾನ್ಯ ಮಾಡದ ಕಾಗದವನ್ನು ಕೈಗಿಡುವ ಖಾಸಗಿ ಶಾಲೆಗಳು ದೊಡ್ಡ ಊರುಗಳಲ್ಲಿವೆ. ಸೇರುವ ಮುನ್ನ ಪದವಿ ಯಾವ ವಿಶ್ವವಿದ್ಯಾಲಯದ್ದು, ಅದಕ್ಕೆ ಯು.ಜಿ.ಸಿ. ಮಾನ್ಯತೆ ಇದೆಯೇ ಎಂಬ ಎರಡು ಪ್ರಶ್ನೆ ಕೇಳಬೇಕು, ಉತ್ತರವನ್ನು ಲಿಖಿತವಾಗಿ ಪಡೆಯಬೇಕು.

ಓದಿದ ಮೇಲೆ ಎಲ್ಲರೂ ಹೆಸರಾಂತ ವಿನ್ಯಾಸಕರಾಗುವುದಿಲ್ಲ. ಹೆಚ್ಚಿನವರು ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ನಕ್ಷೆ ತೆಗೆಯುವವರಾಗಿ, ಮಾದರಿ ಹೊಲಿಸುವವರಾಗಿ, ಗುಣಮಟ್ಟ ನೋಡುವವರಾಗಿ, ಗಿರಾಕಿಗೂ ಕಾರ್ಖಾನೆಗೂ ನಡುವೆ ವ್ಯವಹರಿಸುವವರಾಗಿ ದುಡಿಯುತ್ತಾರೆ. ಅದೇ ಕಾರ್ಖಾನೆಗಳಲ್ಲಿ ಯಂತ್ರದ ಮುಂದೆ ಕುಳಿತ ಲಕ್ಷಗಟ್ಟಲೆ ಹೆಂಗಸರಲ್ಲಿ ನಮ್ಮ ಸೀಮೆಯಿಂದ ದುಡಿಯಲು ಹೋದವರೂ ಇದ್ದಾರೆ. ಯಂತ್ರದ ಮುಂದಿನ ಸ್ಟೂಲಿಗೂ ನಕ್ಷೆಯ ಮೇಜಿಗೂ ನಡುವಿನ ಅಂತರವೇ ಈ ವ್ಯಾಸಂಗ ಎಂದರೂ ಸಲ್ಲುತ್ತದೆ.

ಆಸಕ್ತಿಯುಳ್ಳವರು ಈ ವರ್ಷವೇ ಮಾಡಬಹುದಾದ ಕೆಲಸಗಳಿವೆ. ದಿನಕ್ಕೆ ಒಂದು ಚಿತ್ರದಂತೆ ನಿಂತ, ಕುಳಿತ, ಬಗ್ಗಿದ ಮನುಷ್ಯರನ್ನು ಪೆನ್ಸಿಲಿನಿಂದ ಬರೆಯುವ ಅಭ್ಯಾಸವಿರಲಿ. ಪರೀಕ್ಷೆಯಲ್ಲಿ ಚಿತ್ರರಚನೆಗೆ ಒಂದು ಪತ್ರಿಕೆಯೇ ಇದೆ. ಪದವಿ ತರಗತಿಗೆ ಸೇರುವವರು ಅಲ್ಲಿಯೇ ಕೊಟ್ಟ ಕಾಗದ, ತಂತಿ, ಬಟ್ಟೆಗಳಿಂದ ಒಂದು ಮಾದರಿಯನ್ನೂ ಮಾಡಿ ತೋರಿಸಬೇಕು. ಸ್ನಾತಕೋತ್ತರಕ್ಕೆ ಅದರ ಬದಲು ಸಂದರ್ಶನ. ಮನೆಯಲ್ಲಿ ಬಿಸಾಡುವ ಹಳೆಯ ಅಂಗಿಯೊಂದರ ಹೊಲಿಗೆ ಬಿಚ್ಚಿ, ತುಂಡುಗಳನ್ನು ಹರವಿ, ಒಂದೊಂದರ ಹಾಸು ಯಾವ ಕಡೆಗಿದೆ ಎಂದು ಬಾಣದ ಗುರುತು ಹಾಕಿ ನೋಡಿದರೆ ತರಗತಿಯ ಎಷ್ಟೋ ಪಾಠ ಮುಂಚೆಯೇ ಮುಗಿದಂತೆ. ಅರ್ಜಿಯ ಪ್ರಕಟಣೆ ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಬರುತ್ತದೆ, ಪರೀಕ್ಷೆ ಜನವರಿ ಫೆಬ್ರವರಿಗಳ ಸುಮಾರಿಗೆ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ತಹಶೀಲ್ದಾರರ ಕಚೇರಿಯಿಂದಲೂ, ರಾಜ್ಯದ ಕಾಲೇಜುಗಳಿಗೆ ಬೇಕಾದ 371-ಜೆ ಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದಲೂ ದೀಪಾವಳಿಯೊಳಗೆ ಪಡೆದಿಟ್ಟುಕೊಳ್ಳಬೇಕು. ಹಿಂದುಳಿದ ವರ್ಗದವರು ಕೇಂದ್ರದ ನಮೂನೆಯ ಪತ್ರವನ್ನೇ ಕೇಳಿ ಪಡೆಯಬೇಕು, ರಾಜ್ಯದ ನಮೂನೆ ಅಲ್ಲಿ ನಡೆಯುವುದಿಲ್ಲ.